ವಿಶಾಲಾಕ್ಷಮ್ಮನ ಹಿತ್ತಲ ಹೊಂಡ

ತೊರೆಹಳ್ಳದ ಕಾಡು ಮುಗಿದು ಬಯಲು ಶುರುವಾಗುವ ಕಡೆ ಒಂದು ಹಳೆಯ ಹುತ್ತವಿತ್ತು. ಹಾವು ಬಿಟ್ಟುಹೋದ ಹುತ್ತ, ಹೆದರಬೇಡಿ ಮಕ್ಕಳೇ. ಅದರ ಬುಡದಲ್ಲಿ ವಿಶಾಲಾಕ್ಷಮ್ಮ ಎಂಬ ಕಪ್ಪೆ ಸಂಸಾರ ಹೂಡಿದ್ದಳು. ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಆಕೆಯ ಮುಖದಲ್ಲಿ ಅರ್ಧ ಪಾಲು ಕಣ್ಣೇ ಇತ್ತು. ಉಳಿದರ್ಧ ಬಾಯಿ.

ಹುತ್ತದ ಹಿತ್ತಲಲ್ಲಿ ಒಂದು ಹೊಂಡ. ಅದನ್ನು ಯಾರೂ ತೋಡಿದ್ದಲ್ಲ. ದೊಡ್ಡತಾಯಮ್ಮ ಎಂಬ ಎಮ್ಮೆ ದಿನಾ ಮಧ್ಯಾಹ್ನ ಅಲ್ಲಿ ಬಂದು ಬಿದ್ದುಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ಅಷ್ಟು ದೊಡ್ಡ ಹೊಟ್ಟೆ ಒಂದೇ ಜಾಗದಲ್ಲಿ ಹೊರಳಾಡಿದರೆ ನೆಲ ತಾನೇ ಏನು ಮಾಡೀತು? ತಗ್ಗಾಯಿತು, ಮಳೆ ಬಂದು ತುಂಬಿತು, ಹೊಂಡವಾಯಿತು. ಆದರೆ ವಿಶಾಲಾಕ್ಷಮ್ಮ ಬಂದು ಮೊಟ್ಟೆ ಇಟ್ಟ ದಿನದಿಂದ ಅದು "ನಮ್ಮ ಹೊಂಡ" ಆಗಿಹೋಯಿತು. ಎಮ್ಮೆ ಏನೂ ಅನ್ನಲಿಲ್ಲ. ಎಮ್ಮೆಗಳು ಇಂಥದ್ದಕ್ಕೆಲ್ಲ ಎದ್ದು ಜಗಳ ಮಾಡುವವರಲ್ಲ, ಏಳುವುದೇ ಅವರಿಗೆ ದೊಡ್ಡ ಕೆಲಸ.

ಆ ವರ್ಷದ ಕೊನೆಯ ಮಳೆಗೆ ವಿಶಾಲಾಕ್ಷಮ್ಮನಿಗೆ ನಾನೂರು ಮರಿಗಳಾದವು. ಕಪ್ಪೆಯ ಮರಿ ಎಂದರೆ ಗೊದಮೊಟ್ಟೆ, ನಿಮಗೆ ಗೊತ್ತಲ್ಲ. ಒಂದು ತಲೆ, ಒಂದು ಬಾಲ, ಬೇರೇನೂ ಇಲ್ಲ. ಕಾಲು ಮೂಡಲು ಇನ್ನೂ ನಲವತ್ತು ದಿನ ಬೇಕು. ಅಲ್ಲಿಯವರೆಗೆ ನೀರಿದ್ದರೆ ಜೀವ, ನೀರಿಲ್ಲದಿದ್ದರೆ ಇಲ್ಲ. ಇನ್ನು ಮಳೆಯೂ ಬರುವಂತಿರಲಿಲ್ಲ.

ಹೀಗಿರುವಾಗ ಕಲ್ಲುಬಾವಿಯಿಂದ ನಾದಿನಿ ತುಂಗಕ್ಕ ಬಾಣಂತಿಯನ್ನು ನೋಡಲು ಬಂದಳು. ಬಂದವಳು ಹೊಂಡದ ದಂಡೆಯಲ್ಲಿ ಕೂತು ಮೂತಿ ಸೊಟ್ಟ ಮಾಡಿದಳು.

"ಏನತ್ತಿಗೆ, ಮಕ್ಕಳಾಗಿವೆ ಅಂದ್ರು. ಎಲ್ಲಿ? ನಂಗೆ ಬರೀ ಕೆಸರು ಕಾಣ್ತಿದೆ."

"ಒಳಗಿದ್ದಾವಮ್ಮ."

"ನಮ್ಮ ಬಾವಿಯಲ್ಲಿ ತಳಕ್ಕೆ ಬಿದ್ದ ಸೂಜಿ ಕೂಡ ಕಾಣುತ್ತೆ. ಇನ್ನು ಹದಿನೈದು ದಿನಕ್ಕೆ ನಾಮಕರಣ. ಹತ್ತು ಊರಿನ ಕಪ್ಪೆಗಳು ಬರ್ತಾವೆ. ಹೆಸರು ಯಾರಿಗೆ ಇಡ್ತೀರಿ? ಕೆಸರಿಗಾ?"

ಇಷ್ಟು ಹೇಳಿ ತುಂಗಕ್ಕ ಎಂಟು ನೊಣ ತಿಂದು, ಎರಡು ಕಟ್ಟಿಸಿಕೊಂಡು ಹೊರಟುಹೋದಳು. ವಿಶಾಲಾಕ್ಷಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮಕ್ಕಳ ಬಾಲ ಎಷ್ಟು ಚೆಂದ, ಎಷ್ಟು ನುಣುಪು! ಅದನ್ನು ಜಗತ್ತು ನೋಡದೆ ಹೋಗುವುದೇ?

ಕೂತಲ್ಲೇ ಅವಳ ತಲೆಯಲ್ಲಿ ಹೊಸ ಹೊಂಡ ತಯಾರಾಯಿತು. ತಳದ ಹೂಳನ್ನೆಲ್ಲ ಎತ್ತಿಸುವುದು. ಬಿಳಿ ಬೆಣಚುಕಲ್ಲು ಹಾಸುವುದು. ನಡುವೆ ನೈದಿಲೆ ಹೂ ನೆಡುವುದು. ನೀರು ಕಲಕುವ ಎಮ್ಮೆ ಬರುವ ದಾರಿಗೆ ಮುಳ್ಳಿನ ಬೇಲಿ ಹಾಕುವುದು.

ಮಧ್ಯಾಹ್ನ ಎಮ್ಮೆ ಬಂದಾಗ ಇದನ್ನೆಲ್ಲ ಹೇಳಿಯೂ ಹೇಳಿದಳು.

ದೊಡ್ಡತಾಯಮ್ಮ ಮೆಲುಕು ಹಾಕುವುದನ್ನು ನಿಲ್ಲಿಸಿದಳು. "ಬೇಡ ಕಣಮ್ಮ. ಆ ಹೂಳು ಇದೆಯಲ್ಲ..."

"ಬೇಡ ಅಂದ್ರಲ್ಲ, ಗೊತ್ತಾಯ್ತು ಬಿಡಿ. ಹೊರಳಾಡೋಕೆ ಜಾಗ ತಪ್ಪುತ್ತೆ ಅಂತ ಹೊಟ್ಟೆಯುರಿ."

"ಅದಲ್ಲ. ಆ ಹೂಳು ಹೋದ್ರೆ..."

"ನಮ್ಮ ಮನೆ ವಿಚಾರ ನಾವು ನೋಡ್ಕೋತೀವಿ. ನೀವು ಬೇರೆ ಕಡೆ ನೋಡ್ಕೊಳ್ಳಿ ತಾಯಿ."

ಎಮ್ಮೆಗೆ ಒಂದು ಮಾತು ಮುಗಿಸಲು ಬಹಳ ಹೊತ್ತು ಬೇಕು. ಕಪ್ಪೆಗೆ ಕಾಯುವ ವ್ಯವಧಾನವಿಲ್ಲ. ದೊಡ್ಡತಾಯಮ್ಮ ಒಮ್ಮೆ ಹೊಂಡವನ್ನು, ಒಮ್ಮೆ ಕಪ್ಪೆಯನ್ನು ನೋಡಿ, ಬಾಲ ಬೀಸಿಕೊಂಡು ದಿಬ್ಬ ಹತ್ತಿ ಹೋದಳು. ಅಲ್ಲಿ ಹೊಂಗೆ ಮರದ ಕೆಳಗೆ ನೆಲದಿಂದ ಸಣ್ಣಗೆ ನೀರು ಜಿನುಗುವ ಜಾಗವೊಂದಿತ್ತು. ಆ ಒದ್ದೆ ನೆಲದಲ್ಲಿ ಹೊಸದಾಗಿ ಹೊರಳಾಡತೊಡಗಿದಳು.

"ಇವರಿಗೆಲ್ಲ ಏನು ತಿಳಿಯುತ್ತೆ? ತಿಳಿದವರನ್ನು ಕೇಳಬೇಕು" ಎಂದುಕೊಂಡ ವಿಶಾಲಾಕ್ಷಮ್ಮ ಬಯಲಂಚಿನ ಹಳೇ ಬೇಲಿಗೂಟದ ಮೇಲಿದ್ದ ಓತಿಕ್ಯಾತ ಶೇಷಗಿರಿಯಪ್ಪನವರ ಬಳಿಗೆ ಹೋದಳು.

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಕಪ್ಪೆಗೆ ಕತ್ತಿಲ್ಲ. ಬೇಕಾದರೆ ಹೋಗಿ ನೋಡಿ, ತಲೆ ಮುಗಿದ ಕೂಡಲೇ ಹೊಟ್ಟೆ ಶುರು. ಹಾಗಾಗಿ ಅದಕ್ಕೆ ತಲೆಯಾಡಿಸಲು ಬರುವುದಿಲ್ಲ. ನಮಗೆ ಬಾರದ್ದನ್ನು ಬೇರೆಯವರು ಮಾಡಿದರೆ ಅವರು ಭಾರಿ ಪಂಡಿತರು ಅನ್ನಿಸುತ್ತದೆ. ಶೇಷಗಿರಿಯಪ್ಪನವರೋ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂತು ಗಂಭೀರವಾಗಿ ತಲೆಯಾಡಿಸುವುದೇ ಕೆಲಸ ಮಾಡಿಕೊಂಡವರು.

ವಿಶಾಲಾಕ್ಷಮ್ಮ ಒಂದು ಎಲೆ ತುಂಬ ಗೆದ್ದಲು ಕಾಣಿಕೆ ಇಟ್ಟು ಕೈಮುಗಿದಳು.

"ಸ್ವಾಮಿ, ಹೂಳು ಎತ್ತಿಸಲಾ?"

ಓತಿಕ್ಯಾತ ತಲೆಯಾಡಿಸಿದ.

"ಬೆಣಚುಕಲ್ಲು ಹಾಸಲಾ?"

ತಲೆಯಾಡಿಸಿದ.

"ಆ ಎಮ್ಮೆಗೆ ಬೇಲಿ ಹಾಕಲಾ?"

ಈ ಸಲ ಇನ್ನೂ ಜೋರಾಗಿ ಆಡಿಸಿದ. ಬಿಸಿಲೂ ಜೋರಾಗಿತ್ತು.

"ಇದಪ್ಪಾ ವಿದ್ಯೆ ಅಂದ್ರೆ! ಒಂದು ಮಾತಿಗೂ ಅಡ್ಡ ಬರ್ಲಿಲ್ಲ" ಎಂದು ಕಪ್ಪೆ ಕುಪ್ಪಳಿಸುತ್ತ ಬಂದಳು.

ಮರುದಿನವೇ ಅಡ್ಡಯ್ಯ ಎಂಬ ಏಡಿ ತನ್ನ ತಮ್ಮಂದಿರನ್ನು ಕಟ್ಟಿಕೊಂಡು ಕೆಲಸಕ್ಕೆ ಇಳಿದ. ಏಡಿಗಳು ನೇರ ನಡೆಯುವುದಿಲ್ಲವೇ ಹೊರತು ಕೆಲಸದಲ್ಲಿ ಸೋಮಾರಿಗಳಲ್ಲ. ಮೂರು ದಿನ ಹೂಳು ಎತ್ತಿ ಎತ್ತಿ ದಂಡೆಯ ಮೇಲೆ ರಾಶಿ ಹಾಕಿದರು. ನಾಲ್ಕನೆಯ ದಿನ ಅಡ್ಡಯ್ಯ ಮೇಲೆ ಬಂದು ಕಣ್ಣು ಹೊರಳಿಸಿದ.

"ಅಮ್ಮಾ, ತಳದಲ್ಲಿ ಮರಳು ಬಂತು. ಕಾಲಿಟ್ಟರೆ ಜರ್‍ರ್ ಅಂತ ಇಳಿಯುತ್ತೆ. ಇಷ್ಟಕ್ಕೇ ನಿಲ್ಲಿಸೋಣ."

"ಇರು, ಕೇಳ್ಕೊಂಡು ಬರ್ತೀನಿ" ಎಂದು ವಿಶಾಲಾಕ್ಷಮ್ಮ ಗೂಟದ ಬಳಿ ಓಡಿದಳು. "ಸ್ವಾಮಿ, ಇನ್ನೂ ತೆಗೆಸಲಾ?"

ಏನಾಯಿತೆಂದು ನಿಮಗೆ ಗೊತ್ತೇ ಇದೆ.

ವಾರದೊಳಗೆ ಹೊಂಡ ಕನ್ನಡಿಯಾಯಿತು. ತಳದಲ್ಲಿ ಬಿಳಿ ಕಲ್ಲು, ನಡುವೆ ನೈದಿಲೆ, ಎಮ್ಮೆಯ ದಾರಿಗೆ ಮುಳ್ಳುಬೇಲಿ, ನಾನೂರು ಬಾಲಗಳೂ ನಿಚ್ಚಳ. ದಾರಿಹೋಕ ಮೊಲ ನಿಂತು "ಅಬ್ಬಬ್ಬಾ!" ಎಂದಿತು. ವಿಶಾಲಾಕ್ಷಮ್ಮ ದಂಡೆಯ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ಮಕ್ಕಳನ್ನು ತೋರಿಸಿದಳು. "ಅಗೋ, ಆ ಬಾಲ ನೋಡಿ, ಥೇಟ್ ಅವರಪ್ಪಂದೇ." ಅವರಪ್ಪನಿಗೆ ಬಾಲವೇ ಇರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನೀರು ಒಂದು ಗೇಣು ಇಳಿದಿತ್ತು.

"ಮಕ್ಕಳು ಬೆಳೀತಿದ್ದಾವೆ. ಕುಡಿಯೋದು ಜಾಸ್ತಿಯಾಗಿದೆ, ಅಲ್ವೇ ಸ್ವಾಮಿ?" ಎಂದು ಕೇಳಿದಳು. ಸ್ವಾಮಿಗಳು ತಲೆಯಾಡಿಸಿದರು.

ಅದರ ಮಾರನೆಯ ದಿನ ಇನ್ನೊಂದು ಗೇಣು. "ಬಿಸಿಲು ಜಾಸ್ತಿ, ಅಲ್ವೇ?" ಅದಕ್ಕೂ ತಲೆಯಾಡಿಸಿದರು.

ನಾಲ್ಕನೆಯ ದಿನ ನೈದಿಲೆ ಎಲೆ ಕಲ್ಲಿನ ಮೇಲೆ ಮಲಗಿತ್ತು. ನೀರು ಒಂದು ಮೂಲೆಯ ಗುಂಡಿಗೆ ಬಂದು ನಿಂತಿತ್ತು. ಆ ಗುಂಡಿಯಲ್ಲಿ ನಾನೂರು ಮರಿಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಅಂಚಿನಲ್ಲಿದ್ದ ಕೆಲವು ಬಿಸಿ ಕಲ್ಲಿಗೆ ಅಂಟಿಕೊಂಡು ಅಲ್ಲಾಡುವುದನ್ನು ನಿಲ್ಲಿಸಿದ್ದವು. ನೀರು ಅಷ್ಟು ತಿಳಿಯಾಗಿದ್ದದ್ದರಿಂದ ತಾಯಿಗೆ ಎಲ್ಲವೂ ಕಂಡಿತು.

ಓಡಿದಳು. ಎಲ್ಲಿಗೆ? ಮತ್ತೆ ಅದೇ ಗೂಟಕ್ಕೆ.

"ಸ್ವಾಮಿ, ನೀರು ಹೋಗ್ತಿದೆ! ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಓತಿಕ್ಯಾತ ತಲೆಯಾಡಿಸಿದ.

"ಗೊತ್ತಿದ್ದೂ ಹೇಳಲಿಲ್ವಾ?"

ತಲೆಯಾಡಿಸಿದ.

"ಅಥವಾ ಗೊತ್ತೇ ಇರಲಿಲ್ವಾ?"

ಅದಕ್ಕೂ ತಲೆಯಾಡಿಸಿದ.

ವಿಶಾಲಾಕ್ಷಮ್ಮ ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು. "ನಿನ್ನ ಬುರುಡೆಗೆ ಒಂದು ಕಲ್ಲು ಹಾಕಲಾ?"

ಓತಿಕ್ಯಾತ ಬಹಳ ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಮಾತು ಕಿವಿಗೆ ಬಿದ್ದು, ಗೂಟದ ಆ ಕಡೆಗೆ ಸರಿದು ಇಣುಕಿದ.

"ಅಮ್ಮಾ, ಕಲ್ಲು ಮಾತ್ರ ಬೇಡಿ. ಬಿಸಿಲು ಬಿದ್ರೆ ನನ್ನ ಕತ್ತು ಆಡುತ್ತೆ, ನಮ್ಮಪ್ಪನಿಗೂ ಹಂಗೇ. ನೀವು ಗೆದ್ದಲು ತಂದ್ರಿ, ತಿಂದೆ. ಹೊಂಡದ ವಿಷಯ ನಂಗೇನು ಗೊತ್ತು? ನಾನು ಹುಟ್ಟಿದಾಗಿನಿಂದ ನೀರಿಗೇ ಇಳಿದವನಲ್ಲ."

ಕಲ್ಲು ಎತ್ತುವಷ್ಟೂ ಹೊತ್ತಿರಲಿಲ್ಲ. ಮಟಮಟ ಮಧ್ಯಾಹ್ನ, ನೆಲ ಕಾದ ಹೆಂಚಾಗಿತ್ತು. ಆ ಬಿಸಿಲಲ್ಲಿ ಕಪ್ಪೆ ಹೊರಗೆ ಹೊರಟರೆ ಚರ್ಮ ಒಣಗಿ ಬಿರಿಯುತ್ತದೆ. ಆದರೂ ವಿಶಾಲಾಕ್ಷಮ್ಮ ದಿಬ್ಬ ಹತ್ತಿದಳು. ಹತ್ತು ಸಲ ಕುಪ್ಪಳಿಸುವುದು, ಒಂದು ಸಲ ಬೀಳುವುದು. ಹೊಂಗೆ ಮರದ ಕೆಳಗೆ ಹೋಗಿ ಎಮ್ಮೆಯ ಮೂತಿಯ ಮುಂದೆ ದೊಪ್ಪನೆ ಕೂತಾಗ ಅವಳ ಬೆನ್ನು ಒಣಗಿದ ಎಲೆಯಂತಾಗಿತ್ತು.

"ದೊಡ್ಡಮ್ಮ, ತಪ್ಪಾಯ್ತು. ಅವತ್ತು ನೀವೊಂದು ಮಾತು ಹೇಳ್ತಿದ್ರಿ. ನಾನು ಮುಗಿಸೋಕೆ ಬಿಡಲಿಲ್ಲ. ಈಗ ಹೇಳಿ. ಎಷ್ಟು ಹೊತ್ತಾದ್ರೂ ಕೇಳ್ತೀನಿ."

ದೊಡ್ಡತಾಯಮ್ಮ ಮೆಲುಕು ನುಂಗಿದಳು. ಅವಳಿಗೆ ಕೋಪವಿತ್ತೋ ಇಲ್ಲವೋ, ಎಮ್ಮೆಯ ಮುಖ ನೋಡಿ ಹೇಳುವುದು ಕಷ್ಟ.

"ಅದು ಕೊಳೆ ಅಲ್ಲ ಕಣಮ್ಮ, ಅದೇ ಹೊಂಡದ ತಳ. ಅಡಿಯಲ್ಲಿರೋದು ಬರೀ ಮರಳು, ಜರಡಿ ಇದ್ದಂಗೆ. ಅದರ ಮೇಲೆ ಜೇಡಿ ಹೂಳನ್ನ ತುಳಿದು, ಹೊರಳಿ, ಮತ್ತೆ ತುಳಿದು ಕೂರಿಸಿದ್ದೆ. ದಿನಾ ತುಳೀತಾ ಇದ್ರೆ ನೀರು ನಿಲ್ಲುತ್ತೆ. ನೀನು ಜರಡಿಯಲ್ಲಿ ನೀರು ಹಿಡಿಯೋಕೆ ಹೋದೆ."

"ಈಗೇನು ಮಾಡಲಿ?"

"ಎತ್ತಿದ ಹೂಳು ಎಲ್ಲಿ ಹಾಕಿದ್ದೀಯ?"

"ದಂಡೆ ಮೇಲೇ ಇದೆ."

"ಹೋಗಿ ಬೇಲಿ ಕೀಳಿಸು. ಮಕ್ಕಳನ್ನ ಆ ಮೂಲೆ ಗುಂಡಿಯಲ್ಲೇ ಹಿಡಿದಿಟ್ಟುಕೋ. ಒಂದೂ ಈಚೆ ಬರಬಾರದು. ನೀರು ತುಂಬಿದ್ದಾಗಾದ್ರೆ ಸರಿದುಕೋತಾವೆ, ಬರೀ ಕೆಸರಲ್ಲಿ ಆಗಲ್ಲ. ನನ್ನ ಕಾಲು ಎಲ್ಲಿ ಬೀಳುತ್ತೆ ಅಂತ ನಂಗೇ ಗೊತ್ತಾಗಲ್ಲ."

ಇಷ್ಟು ಹೇಳಿ ಎಮ್ಮೆ ಎದ್ದಳು. ಎದ್ದು, ತಾನು ಹೊಸದಾಗಿ ಮಾಡಿಕೊಂಡಿದ್ದ ತಂಪಾದ ಗುಂಡಿಯ ಅಂಚನ್ನು ಕೊಂಬಿನಿಂದ ಒಂದಿಷ್ಟು ಒಡೆದಳು. ರಾಡಿ ನೀರು ಸಣ್ಣಗೆ ದಿಬ್ಬದಿಂದ ಕೆಳಗೆ ಹರಿಯಿತು.

ಕೆಳಗೆ ಅಡ್ಡಯ್ಯನ ತಮ್ಮಂದಿರು ಬೇಲಿ ಕತ್ತರಿಸುತ್ತಿದ್ದರು. ವಿಶಾಲಾಕ್ಷಮ್ಮ ಗುಂಡಿಯ ಬಾಯಿಗೆ ಅಡ್ಡ ಕೂತು, ಕೈಕಾಲು ಚಾಚಿ, ಹೊಟ್ಟೆಯುಬ್ಬಿಸಿ ಮಕ್ಕಳನ್ನು ತಡೆದಳು. ಎಮ್ಮೆ ದಂಡೆಯ ಹೂಳನ್ನು ಎದೆಯಿಂದ ನೂಕಿ ನೂಕಿ ಹೊಂಡಕ್ಕೆ ತಳ್ಳಿದಳು. ಬಿಳಿ ಕಲ್ಲೆಲ್ಲ ಮುಚ್ಚಿಹೋಯಿತು. ನೈದಿಲೆ ಗೊಬ್ಬರವಾಯಿತು. ಹರಿದು ಬಂದ ನೀರಿಗೆ ಹೂಳು ಕಲಸಿಕೊಂಡಿತು. ದೊಡ್ಡತಾಯಮ್ಮ ತುಳಿದಳು, ಕೂತಳು, ಹೊರಳಿದಳು, ಎದ್ದು ಮತ್ತೆ ತುಳಿದಳು. ಒಮ್ಮೆ ಅವಳ ಗೊರಸು ಕಪ್ಪೆಯ ಮೂಗಿನಿಂದ ಒಂದು ಬೆರಳು ದೂರದಲ್ಲಿ ಬಿತ್ತು. ಕಪ್ಪೆ ಕಣ್ಣು ಮುಚ್ಚಿದಳೇ ಹೊರತು ಜಾಗ ಬಿಡಲಿಲ್ಲ.

ತಳ ಗಟ್ಟಿಯಾದ ಮೇಲೆ ಎಮ್ಮೆ ದಿಬ್ಬ ಹತ್ತಿ ತನ್ನ ಗುಂಡಿಯ ಅಂಚನ್ನು ಪೂರ್ತಿ ಒಡೆದಳು. ಉಳಿದ ನೀರೆಲ್ಲ ಇಳಿದು ಬಂದು ಹೊಂಡದಲ್ಲಿ ನಿಂತಿತು. ಸಂಜೆಯವರೆಗೆ ಎಲ್ಲರೂ ನೋಡುತ್ತ ಕೂತರು. ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಮೂವತ್ತು ಮರಿಗಳು ಹೋಗಿಬಿಟ್ಟಿದ್ದವು. ವಿಶಾಲಾಕ್ಷಮ್ಮ ಆ ಸಂಜೆ ಬಿಕ್ಕಿ ಬಿಕ್ಕಿ ಅತ್ತಳು. ಎಮ್ಮೆ ಪಕ್ಕದಲ್ಲಿ ಬಿದ್ದುಕೊಂಡು ಮೆಲುಕು ಹಾಕುತ್ತಿದ್ದಳು.

ನಾಮಕರಣದ ದಿನ ಹತ್ತು ಊರಿನ ಕಪ್ಪೆಗಳು ಬಂದವು. ತುಂಗಕ್ಕ ಎಲ್ಲರಿಗಿಂತ ಮುಂದೆ. ಹೊಂಡದ ನೀರು ಚಹಾ ಬಣ್ಣಕ್ಕಿತ್ತು. ನಟ್ಟನಡುವೆ ಒಂದು ಎಮ್ಮೆ ಕೂತಿತ್ತು.

"ಅಯ್ಯೋ ಅತ್ತಿಗೆ! ಇದೇನು ಮೊದಲಿಗಿಂತ ಗಲೀಜು? ಮಕ್ಕಳು ಎಲ್ಲಿ?"

"ಒಳಗಿದ್ದಾವೆ."

"ಒಂದೂ ಕಾಣ್ತಿಲ್ವಲ್ಲ!"

"ಬದುಕಿದ್ದಾವೆ ತುಂಗಾ" ಎಂದಳು ವಿಶಾಲಾಕ್ಷಮ್ಮ. "ಕಾಣಲೇಬೇಕು ಅಂದ್ರೆ ಕಾಲು ಮೂಡಿದ ಮೇಲೆ ಬಾ. ಅವೇ ಎದ್ದು ಬಂದು ನಿಂಗೆ ನಮಸ್ಕಾರ ಮಾಡ್ತಾವೆ."

ನೀತಿ: ಏನು ಕೇಳಿದರೂ ತಲೆಯಾಡಿಸುವವರನ್ನು ನಂಬಿ ಕೆಲಸಕ್ಕೆ ಇಳಿಯಬಾರದು, "ಬೇಡ" ಎಂದವರ ಮಾತನ್ನು ಮುಗಿಯುವವರೆಗೆ ಕೇಳಬೇಕು, ಅವರು ಎಮ್ಮೆಯಷ್ಟು ನಿಧಾನವಾಗಿ ಹೇಳಿದರೂ ಸರಿ.