ತೋರಿಸದೆ ಮುಚ್ಚಿದ ಗಂಟು

ಒಂದು ಕಾಡಿನ ಅಂಚಿನಲ್ಲಿ, ಹಳೆಯ ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಅವುಗಳಲ್ಲಿ ಒಂದು ಕಟ್ಟುಪಾಡಿತ್ತು. ಗಂಡುಹಕ್ಕಿ ಅರ್ಧ ಗೂಡು ಹೆಣೆದು ನಿಲ್ಲಿಸಬೇಕು. ಹೆಣ್ಣುಹಕ್ಕಿ ಬಂದು, ಕೊಂಬೆಗೆ ಹಾಕಿದ ಗಂಟನ್ನು ಕೊಕ್ಕಿನಿಂದ ಜಗ್ಗಿ ನೋಡಿ, "ಹೂಂ" ಅಂದರೆ ಮಾತ್ರ ಉಳಿದರ್ಧ.

ಹಳದಪ್ಪ ಎಂಬ ಗೀಜಗನಿಗೆ ಕೆಂಚಿ ಎಂಬ ಹೆಣ್ಣುಹಕ್ಕಿಯ ಮೇಲೆ ಮನಸ್ಸು. ಅವಳು ತನ್ನ ಗೂಡಿಗೆ ಬಂದರೆ ಸಾಕೆಂದು ಹಗಲೆಲ್ಲ ಹಂಬಲಿಸುತ್ತಿದ್ದ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ನೋಡಿ. ಎಲ್ಲರಿಗಿಂತ ಮೊದಲು ಮುಗಿಸಬೇಕೆಂದು, ಮೂರು ಸುತ್ತು ಬಿಗಿಯಬೇಕಾದ ಗಂಟಿಗೆ ಒಂದೇ ಸುತ್ತು ಹಾಕಿದ. ಅದು ಕಾಣದಂತೆ ಮೇಲೆ ಹಸಿಹುಲ್ಲು ಹೆಣೆದ. ಯಾರನ್ನೂ ಕರೆಯದೆ ಇಡೀ ಗೂಡು ಮುಗಿಸಿಬಿಟ್ಟ. 'ಕಟ್ಟಿದ ಮೇಲೆ ಕೆಡವು ಅನ್ನುವ ಕಲ್ಲುಮನಸ್ಸು ಯಾರಿಗಿದೆ?' ಎಂದುಕೊಂಡ.

ಕೆಂಚಿ ಬಂದು ಸುತ್ತ ಹಾರಿ ನೋಡಿದಳು.

"ಚೆನ್ನಾಗಿದೆ. ಗಂಟೆಲ್ಲಿ?"

"ಹುಲ್ಲಿನ ಕೆಳಗಿದೆ ಮಾರಾಯ್ತಿ. ಈಗ ಒಪ್ಪಿಬಿಡು, ಆಮೇಲೆ ನಿಧಾನಕ್ಕೆ ನೋಡುವೆಯಂತೆ."

"ಮೊಟ್ಟೆ ಇಟ್ಟ ಮೇಲೆ ನೋಡಲಾ? ಬಿಚ್ಚಿ ತೋರಿಸು!"

ಹೆತ್ತವರಿಗೆ ಹೆಗ್ಗಣ ಮುದ್ದು. ಹಳದಪ್ಪ ಬಿಚ್ಚಲಿಲ್ಲ. ಗುಂಪಿನ ಹಿರಿಯಜ್ಜನ ಬಳಿಗೆ ಹೋದ.

"ಅಜ್ಜಾ, ಹೇಗೂ ಕಟ್ಟಿಯಾಗಿದೆ. ನೀವೊಂದು ಸಲ ಒಪ್ಪಿಗೆ ಅಂದುಬಿಡಿ."

"ನಾನಂದರೆ ಏನಾಯ್ತಪ್ಪ? ಅದರಲ್ಲಿ ಮೊಟ್ಟೆ ಇಡುವವನು ನಾನಲ್ಲವಲ್ಲ! ಎರಡು ದಿನದ ಕೆಲಸ, ಬಿಚ್ಚಿ ಗಂಟು ಸರಿಮಾಡು. ಕೆಂಚಿಯನ್ನು ನಾನೇ ಕರೆತರುತ್ತೇನೆ."

ಹಳದಪ್ಪನಿಗೆ ಅದೂ ಹಿಡಿಸಲಿಲ್ಲ. ಇವತ್ತಲ್ಲ ನಾಳೆ ಅವಳ ಮನಸ್ಸು ಕರಗುತ್ತದೆಂದು ಬಾಗಿಲಲ್ಲೇ ಕೂತು ಕೂಗಿದ. ದಿನಗಳು ಕಳೆದವು. ಕೆಂಚಿ ಪಕ್ಕದ ಗೀಜಗನ ಅರೆಗೂಡಿನ ಗಂಟು ಜಗ್ಗಿ ನೋಡಿ ಅಲ್ಲಿ ಸಂಸಾರ ಹೂಡಿದಳು. ಒಂದು ಬೆಳಿಗ್ಗೆ ಅಲ್ಲಿಂದ ಮರಿಗಳ ಚಿಲಿಪಿಲಿ ಕೇಳಿಸಿತು.

ಈಗಲಾದರೂ ಅಜ್ಜ ಹೇಳಿದಂತೆ ಬಿಚ್ಚಿ ಗಂಟು ಸರಿಮಾಡೋಣವೆಂದು ಹಳದಪ್ಪ ಮೇಲಿನ ಹುಲ್ಲಿಗೆ ಕೊಕ್ಕು ಹಾಕಿದ. ಎರಡೇ ಎಳೆ ಎಳೆದಿದ್ದ. ಗಂಟು ಜಾರಿತು. ಇಡೀ ಗೂಡು ಬಾವಿಗೆ ಬಿತ್ತು.

ಅದರೊಳಗೆ ಕೆಂಚಿಯ ಮರಿಗಳಿದ್ದಿದ್ದರೆ! ಅವಳು ತನ್ನ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದು ಹಳದಪ್ಪನಿಗೆ ಮೊದಲ ಸಲ ಅನ್ನಿಸಿತು. ಆದರೂ ಆ ಮಳೆಗಾಲವೆಲ್ಲ, ಅವಳ ದನಿ ಕೇಳಿದಾಗಲೆಲ್ಲ ಅವನ ಕೊರಳು ಆ ಕಡೆಗೇ ತಿರುಗುತ್ತಿತ್ತು.

ನೀತಿ: ಕೇಳಬೇಕಾದವರನ್ನು ಕೇಳಿ, ತೋರಿಸಿ ಕಟ್ಟಬೇಕು, ಕಟ್ಟಿದ ಮೇಲೆ ಬೇಡಿ ಪಡೆದ ಒಪ್ಪಿಗೆಯಿಂದ ಸಡಿಲ ಗಂಟು ಬಿಗಿಯಾಗುವುದಿಲ್ಲ.