ಆನೆ ಏಳುವಷ್ಟರಲ್ಲಿ

“ನನಗೆ ಪುರಸೊತ್ತಿಲ್ಲ. ಸರಕು ಮಾರಲು ಬಂದವರು, ನಾನು ಹತ್ತಿ ಕೂತ ಆನೆ ಎದ್ದು ನಿಲ್ಲುವಷ್ಟರಲ್ಲಿ ಮಾತು ಮುಗಿಸಬೇಕು. ಎದ್ದ ಮೇಲೂ ತುಟಿ ಬಿಚ್ಚಿದವರು ಊರು ಬಿಡಬೇಕು” ಎಂದು ಹೊನ್ನಕೋಟೆಯ ದೊರೆ ಕೆಂಚರಾಯ ಡಂಗುರ ಹೊಡೆಸಿದ. ಇಂಥ ನಿಯಮ ಬೇರೆ ಯಾವ ದೊರೆಗೂ ಹೊಳೆದಿಲ್ಲವೆಂದು ಮೀಸೆ ತಿರುವಿದ.

ದೊರೆಯ ಮುಂದೆ ಮೊದಲು ಬಿರುದು ಹೇಳುವುದು ವಾಡಿಕೆ. ಅತ್ತರಿನ ವರ್ತಕ “ಶತ್ರುಗಳ ಸಿಡಿಲೇ, ಸಜ್ಜನರ ನೆರಳೇ, ಕೋಟೆಕೋಟೆಗಳ ಒಡೆಯನೇ...” ಅನ್ನುತ್ತಿದ್ದಂತೆ ಆನೆ ಎದ್ದು ಹೊರಟಿತು. ಕಂಬಳಿಯವನು ತನ್ನ ಮುತ್ತಜ್ಜನಿಂದ ಶುರುಮಾಡಿದ. ಅಜ್ಜನ ಮದುವೆಗೆ ಬರುವಷ್ಟರಲ್ಲಿ ಆನೆ ಬೀದಿಯ ತಿರುವು ದಾಟಿತ್ತು; ಅವನು ಊರು ಬಿಡಬೇಕಾಯಿತು.

ಹಗ್ಗ ಹೊಸೆಯುವ ಸಿದ್ದವ್ವ ಆಸ್ಥಾನದ ಜಾಣ ಬೊಮ್ಮಣ್ಣನ ಬಳಿ ಓಡಿದಳು.

“ಅಣ್ಣಾ, ಅರಮನೆ ಕೆಲಸ ಸಿಗದಿದ್ರೆ ನಮ್ಮ ಕೇರಿಯೇ ಖಾಲಿಯಾಗುತ್ತೆ. ನಾರು ಎಲ್ಲಿಂದ ತಂದೆ, ಹೇಗೆ ನೆನೆಸಿದೆ, ಅದಕ್ಕೆ ನಮ್ಮತ್ತೆ ಏನಂದ್ರು, ಎಲ್ಲಾ ಹೇಳಬೇಕಲ್ಲ.”

“ಅತ್ತೆ ಬೇಡ. ಬಿರುದೂ ಬೇಡ. ಒಂದು ಮಾತು ಹೇಳಿ ಬಾಯಿ ಮುಚ್ಚು.”

“ಹೇಳೋದು ಸುಲಭ. ಮುಚ್ಚೋದು ಹೇಗಣ್ಣಾ?”

“ಎಲೆ ಅಡಿಕೆ ತುಂಬ್ಕೋ.”

ಮರುದಿನ ದೊರೆ ಅಂಬಾರಿ ಹತ್ತಿ ಕೂತ. ಆನೆ ಮುಂಗಾಲು ಎತ್ತಿತು.

“ಪ್ರಭು, ತಮ್ಮ ಅಂಬಾರಿಗೆ ಬಿಗಿದಿರೋ ಹಗ್ಗಕ್ಕಿಂತ ನನ್ನ ಹಗ್ಗ ಏಕೆ ಮೇಲು ಅಂದ್ರೆ...” ಎಂದವಳೇ ಸಿದ್ದವ್ವ ಎಲೆ ಅಡಿಕೆಯ ಇಡೀ ಕವಳ ಬಾಯಿಗೆ ತುರುಕಿಕೊಂಡಳು.

“ಏಕೆ ಮೇಲು?” ಎಂದ ದೊರೆ.

ಅವಳು ಅಗಿಯುತ್ತ ನಿಂತಳು. ಆನೆ ಪೂರ್ತಿ ಎದ್ದಿತು. ಅಂಬಾರಿ ಎಂದಿನಂತೆ ಒಂದಿಷ್ಟು ವಾಲಿತು. ಎಂದೂ ಹಗ್ಗದ ಕಡೆ ನೋಡದ ದೊರೆ ಅಂದು ಅದನ್ನೇ ನೋಡಿದ.

“ಎಲೇ, ಏಕೆ ಮೇಲು ಹೇಳು.”

ಪಕ್ಕದಲ್ಲಿದ್ದ ಬೊಮ್ಮಣ್ಣ ಕೈಮುಗಿದ. “ಆನೆ ಎದ್ದಾಯ್ತು, ಪ್ರಭು. ಈಗ ತುಟಿ ಬಿಚ್ಚಿದರೆ ಪಾಪ ಅವಳು ಊರು ಬಿಡಬೇಕು. ತಮ್ಮದೇ ಆಜ್ಞೆ.”

“ಹಾಗಾದರೆ ನೀನು ಹೇಳು.”

“ಅವಳ ಪರವಾಗಿ ಹೇಳಿದರೆ ನಾನೂ ಗಂಟುಮೂಟೆ ಕಟ್ಟಬೇಕಾಗುತ್ತದೆ.”

ಆನೆ ಹೆಜ್ಜೆ ಹಾಕಿತು. ಅಂಬಾರಿ ಕಿರುಗುಟ್ಟಿತು. ದೊರೆ ಹಗ್ಗವನ್ನು ಮುಟ್ಟಿ ನೋಡಿದ, ಕೆಳಗೆ ನೋಡಿದ, ಸಿದ್ದವ್ವನ ಉಬ್ಬಿದ ಕೆನ್ನೆ ನೋಡಿದ.

“ಮಾವುತಾ, ಆನೆ ಕೂರಿಸು.”

ಕೆಂಚರಾಯ ಇಳಿದು ಅವಳೆದುರು ಬಂದು ನಿಂತ. ಸಿದ್ದವ್ವ ಕವಳ ಉಗುಳಿ ಬಂದು ನಾರು, ನೆನೆಸಿದ್ದು, ಹೊಸೆದದ್ದು, ಕೊನೆಗೆ ಅತ್ತೆಯನ್ನೂ ಸೇರಿಸಿ ಹೇಳಿದಳು. ದೊರೆ ಅವಳ ಹಗ್ಗವನ್ನು ಆನೆಯಿಂದಲೇ ಎಳೆಸಿದ. ಹಗ್ಗ ಜಗ್ಗಲಿಲ್ಲ. ಅರಮನೆಯ ಹಗ್ಗದ ಕೆಲಸವೆಲ್ಲ ಅವಳ ಕೇರಿಗೆ ಸಿಕ್ಕಿತು.

ಆಮೇಲೆ ದೊರೆಗೆ ನೆನಪಾಯಿತು. “ಬೊಮ್ಮಣ್ಣ, ಆನೆ ಏಳುವಷ್ಟರಲ್ಲಿ ಇವಳು ಮಾತು ಮುಗಿಸಲೇ ಇಲ್ಲವಲ್ಲ?”

“ಅವಳು ಆಗಲೇ ಬಾಯಿ ಮುಚ್ಚಿದ್ದಳು, ಪ್ರಭು. ಉಳಿದದ್ದನ್ನು ಕೇಳದೆ ಇರಲಾರದೆ ಆನೆಯಿಂದ ಇಳಿದದ್ದು ತಾವು.”

ಕೆಂಚರಾಯ ಹೊಟ್ಟೆ ಹಿಡಿದು ನಕ್ಕು, ಹೊದ್ದಿದ್ದ ಶಾಲನ್ನು ಬೊಮ್ಮಣ್ಣನಿಗೆ ಹೊದಿಸಿದ.