ಕಾಜಾಣ ಕತ್ತರಿಸಿದ ಬಳ್ಳಿ

ಹೊಳೆಗಿಂತ ಬೇಗ ಸುಳ್ಳುಸುದ್ದಿ ಹರಿಯುವ ಒಂದು ಕಾಡಿನಲ್ಲಿ ಕಾಜಾಣನೊಬ್ಬನಿದ್ದ. ಕಪ್ಪು ಮೈಯ, ಉದ್ದ ಬಾಲದ ಹಕ್ಕಿ. ಯಾವ ಪ್ರಾಣಿಯ ದನಿಯನ್ನಾದರೂ ಅನುಕರಿಸಬಲ್ಲವನು. ಕಾಡಿಗೆಲ್ಲ ಸುದ್ದಿ ಸಾರುವವನೂ ಅವನೇ. ಅವನ ಜಂಬವೋ, ಕೇಳಲೇಬೇಡಿ!

ಒಮ್ಮೆ ಯಾರೋ "ಕೆರೆಯ ನೀರಿಗೆ ವಿಷ ಬಿದ್ದಿದೆ" ಎಂದು ಪುಕಾರು ಹಬ್ಬಿಸಿದರು. ಪ್ರಾಣಿಗಳು ಹೆದರಿ ಕೆರೆ ಬಿಟ್ಟು ಓಡಿದವು. ಬಾಯಾರಿ ಬಾಯಾರಿ ಒಂದು ಜಿಂಕೆಮರಿ ಸತ್ತೇಹೋಯಿತು. ನೀರಿಗೆ ಏನೂ ಆಗಿರಲಿಲ್ಲ.

ಕಾಡಿಗೆಲ್ಲ ಹಿರಿಯಳಾದ ಆನೆಯಜ್ಜಿಗೆ ತುಂಬಾ ಸಂಕಟವಾಯಿತು. "ಮಕ್ಕಳೇ, ಸುಳ್ಳುಸುದ್ದಿ ಹಿಡಿಯೋ ಉಪಾಯ ಮಾಡಿಕೊಂಡು ಬನ್ನಿ. ಪಂದ್ಯ ಇಡ್ತೀನಿ. ಗೆದ್ದವರೇ ಇನ್ನು ಕಾಡಿನ ಸುದ್ದಿಗಾರರು" ಎಂದಳು.

ಅಳಿಲಮ್ಮ ಕೆರೆಯ ದಡದಿಂದ ಕಾಡಿನ ಮೂಲೆಮೂಲೆಗೂ ಬಳ್ಳಿ ಎಳೆದಳು. ಪ್ರತಿ ಬಳ್ಳಿಯ ಎರಡೂ ತುದಿಗೆ ಒಣಬೀಜದ ಗಿಲಕಿ ಕಟ್ಟಿದಳು. ಪಂದ್ಯದ ದಿನ ಅವಳು ಹೇಳಿದಳು: "ಸುದ್ದಿ ಎಲ್ಲಿಂದ ಬಂತೋ ಅಲ್ಲಿನ ಬಳ್ಳಿ ಎಳೆದು ಕೇಳಬೇಕು. ನಿಜ ಆದ್ರೆ ಅಲ್ಲಿರೋರು ತಿರುಗಿ ಎಳೀತಾರೆ, ಇಲ್ಲಿ ಗಿಲಕಿ ಆಡುತ್ತೆ. ಸುಳ್ಳಾದ್ರೆ ಸದ್ದಿಲ್ಲ."

ಕಾಜಾಣ ನಕ್ಕ. "ನನಗ್ಯಾಕೆ ಗಿಲಕಿ? ದನಿ ನಡುಗಿದ್ರೆ ಸುಳ್ಳು. ನನ್ನ ಕಿವಿಯೇ ಸಾಕು!"

ಆನೆಯಜ್ಜಿ ಗಂಭೀರವಾಗಿ ಹೇಳಿದಳು: "ಬಿದಿರುಮೆಳೆಗೆ ಬೆಂಕಿ ಬಿದ್ದಿದೆ."

"ನಿಜ! ನಿಜ!" ಎಂದು ಕಾಜಾಣ ಕೂಗಿದ.

ಅಳಿಲಮ್ಮ ಬಿದಿರುಮೆಳೆಯ ಬಳ್ಳಿ ಎಳೆದು ಕಾದಳು. ಗಿಲಕಿ ಅಲುಗಲಿಲ್ಲ. "ಸುಳ್ಳು, ಅಜ್ಜೀ."

"ಹೌದು ಕಣಮ್ಮ, ಪರೀಕ್ಷೆಗೆ ಅಂತ ನಾನೇ ಹೇಳಿದ ಸುಳ್ಳು" ಎಂದು ಆನೆಯಜ್ಜಿ ನಕ್ಕಳು. ಅಳಿಲಮ್ಮ ಗೆದ್ದಳು.

ಅಂದಿನಿಂದ ಕಾಜಾಣನಿಗೆ ಹುಳ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ದೂರದಲ್ಲಿ ಗಿಲಕಿ ಸದ್ದಾದರೆ ತನ್ನನ್ನೇ ಅಣಕಿಸಿದಂತಾಗುತ್ತಿತ್ತು. "ಬೆನ್ನ ಮೇಲಿನ ಮೂರು ಗೆರೆ ಬಿಟ್ಟರೆ ಏನಿದೆ ಅವಳ ಹತ್ರ?" ಎಂದು ಹೆಂಡತಿಯ ಮುಂದೆ ಉರಿದುಬಿದ್ದ.

"ನಿಮ್ಮ ದನಿ ಅವಳಿಗಿಲ್ಲ, ಅವಳ ಗಿಲಕಿ ನಿಮಗಿಲ್ಲ. ಬಿಡಿ, ನಮ್ಮ ಮೊಟ್ಟೆ ನೋಡಿಕೊಳ್ಳೋಣ" ಎಂದಳು ಹೆಂಡತಿ.

ಬಿಟ್ಟರೆ ತಾನೇ! ತನ್ನ ಗೂಡಿದ್ದ ಹೊನ್ನೆಮರಕ್ಕೂ ಒಂದು ಬಳ್ಳಿ ಬಂದಿತ್ತು. ಅದನ್ನು ಪೊದೆಯ ಮರೆಯಲ್ಲಿ ಕುಕ್ಕಿ ಕುಕ್ಕಿ ತುಂಡು ಮಾಡಿದ. "ಇಲ್ಲಿಂದ ಒಂದು ನಿಜವಾದ ಸುದ್ದಿ ಹೋಗಲಿ. ಅವಳ ಗಿಲಕಿ ಅದನ್ನ ಸುಳ್ಳು ಅನ್ನಲಿ. ಆಗ ಅವಳ ಮುಖ ನೋಡಬೇಕು ನಾನು!" ಎಂದುಕೊಂಡ.

ನಿಜವಾದ ಸುದ್ದಿ ಮರುದಿನವೇ ಬಂತು. ಕೇರೆಹಾವೊಂದು ಹೊನ್ನೆಮರ ಏರತೊಡಗಿತು. ಹೆಂಡತಿಯನ್ನು ಗೂಡಿನಲ್ಲಿ ಬಿಟ್ಟು ಕಾಜಾಣ ಕೆರೆಗೆ ಹಾರಿದ.

"ಅಜ್ಜೀ, ಬೇಗ ಬನ್ನಿ! ನನ್ನ ಗೂಡಿಗೆ ಹಾವು ಬಂದಿದೆ!"

ಅಳಿಲಮ್ಮ ಹೊನ್ನೆಮರದ ಬಳ್ಳಿ ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಆಗಲೂ ಸದ್ದಿಲ್ಲ.

"ಸುಳ್ಳು! ಸೋತ ಸಿಟ್ಟಿಗೆ ಕಥೆ ಕಟ್ತಿದ್ದಾನೆ!" ಎಂದು ಮಂಗಗಳು ಹಲ್ಲು ಕಿರಿದವು.

ಕಾಜಾಣ ಇಕ್ಕಟ್ಟಿಗೆ ಸಿಕ್ಕಿದ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮೊಟ್ಟೆ ಹೋಗುತ್ತದೆ. ಅಂಥ ಹೊತ್ತಿನಲ್ಲೂ ಅಳಿಲಮ್ಮನ ಮುಂದೆ ತಲೆ ತಗ್ಗಿಸುವುದು ಅವನಿಗೆ ಕಷ್ಟವಾಯಿತು, ನೋಡಿ! ಒದ್ದಾಡಿದ, ತಡಮಾಡಿದ. ಕೊನೆಗೆ, "ಬಳ್ಳಿ ಕತ್ತರಿಸಿದ್ದು ನಾನೇ!" ಎಂದು ಗೋಳೋ ಎಂದು ಅತ್ತ.

ಎಲ್ಲರಿಗಿಂತ ಮುಂದೆ ಓಡಿದವಳು ಅಳಿಲಮ್ಮ. ಆನೆಯಜ್ಜಿ ಹಿಂದೆಯೇ ಬಂದು ಸೊಂಡಿಲಿನಿಂದ ಹಾವನ್ನು ಎಳೆದು ದೂರ ಎಸೆದಳು. ಗೂಡಿನಲ್ಲಿ ಒಂದೇ ಒಂದು ಮೊಟ್ಟೆ ಉಳಿದಿತ್ತು.

ಕಾಜಾಣನ ಹೆಂಡತಿ ಬಳ್ಳಿಯ ತುದಿಯನ್ನು ಹಿಡಿದುಕೊಂಡೇ ಇದ್ದಳು. "ಎಳೆದೆ, ಎಳೆದೆ, ಎಷ್ಟು ಎಳೆದೆ! ಅಲ್ಲಿ ಯಾರಿಗೂ ಕೇಳಿಸಲೇ ಇಲ್ವಾ?" ಎಂದು ಗಂಡನನ್ನು ಕೇಳಿದಳು.

ಎಲ್ಲರ ದನಿಯನ್ನೂ ಬಲ್ಲ ಕಾಜಾಣನಿಗೆ ಆಗ ತನ್ನ ದನಿಯೇ ಹೊರಡಲಿಲ್ಲ.

ನೀತಿ: ಹೊಟ್ಟೆಕಿಚ್ಚಿನಿಂದ ನಿಜ ತಿಳಿಯುವ ದಾರಿಯನ್ನು ಕೆಡಿಸಿದರೆ, ನಾಳೆ ನಮ್ಮ ನಿಜವೂ ಯಾರನ್ನೂ ತಲುಪುವುದಿಲ್ಲ.